ನಿದ್ದೆಕಟ್ಟೆಯ ಮೇಲೆ ಮಲಗಿದವಳು

ಮಲಪ್ರಭೆಯ ಹೊಳೆಸಾಲು ಬಿಟ್ಟು ಕೆಂಪು ಕಲ್ಲಿನ ಗುಡ್ಡಗಳ ಕಡೆ ಹೊರಳುವ ದಾರಿಯಲ್ಲಿ ಬಸ್ಸು ಅರೆಗಳಿಗೆ ನಿಂತು ಹೋಗುವ ಒಂದು ತಿರುವು ಇದೆ. ಕಂಡಕ್ಟರು ‘ನಿದ್ದಿಕಟ್ಟಿ, ನಿದ್ದಿಕಟ್ಟಿ’ ಎಂದು ಕೂಗಿದಾಗ ಹೊಸಬರು ನಗುತ್ತಾರೆ. ಅಲ್ಲಿ ಇಳಿಯಬೇಕಾದವರು ಸಾಮಾನ್ಯವಾಗಿ ನಗುವ ಸ್ಥಿತಿಯಲ್ಲಿ ಇರುವುದಿಲ್ಲ. ತಿರುವಿನಿಂದ ಒಳಗೆ ನಡೆದರೆ ಎರಡೂ ಬದಿಗೆ ನೇಕಾರರ ಮನೆಗಳಿರುವ ಉದ್ದನೆಯ ಒಂದೇ ಓಣಿ, ಓಣಿಯ ನಡುಮಧ್ಯೆ ಹಳೆಯ ಬೇವಿನ ಮರ, ಮರದ ಬುಡದಲ್ಲಿ ಹಾಸುಗಲ್ಲು ಹೊದೆಸಿದ ಕಟ್ಟೆ. ನಮ್ಮ ಸೀಮೆಯಲ್ಲಿ ಕಟ್ಟೆ ಎಂದರೆ ಗಂಡಸರು ಬೆಳಗಿನಿಂದ ಬೈಗಿನವರೆಗೆ ಕೂತು ಎಲೆಯಡಿಕೆ ಜಗಿಯುತ್ತ, ಇಸ್ಪೀಟು ಆಡುತ್ತ, ಕಂಡವರ ಮನೆಯ ಸುದ್ದಿಯನ್ನೆಲ್ಲ ಹೊರಗೆಳೆದು ಬಿಸಿಲಿಗೆ ಹಾಕುವ ಜಾಗ. ಈ ಕಟ್ಟೆಯ ಮೇಲೆ ಮಾತ್ರ ಯಾರೂ ಕಾಲು ಇಳಿಬಿಟ್ಟು ಕೂತದ್ದನ್ನು ನೀವು ಕಾಣಲಾರಿರಿ. ಕಟ್ಟೆಯ ಮೇಲೆ ದೇವರ ಮೂರ್ತಿಯಿಲ್ಲ, ನಾಗರಕಲ್ಲಿಲ್ಲ, ಅರಿಸಿನ ಕುಂಕುಮದ ಗುರುತಿಲ್ಲ. ಉದುರಿದ ಬೇವಿನ ಎಲೆಯನ್ನು ಯಾರೋ ದಿನವೂ ಗುಡಿಸಿ ಹೋಗುತ್ತಾರೆ, ಅಷ್ಟೇ.

ನಾನು ಈ ಓಣಿಯವನೇ. ಕಣ್ಣು ಮಂಜಾಗಿ ಮಗ್ಗದಿಂದ ಎದ್ದ ಮೇಲೆ, ಬಂದವರಿಗೆ ಈ ಹೆಸರಿನ ಕಥೆ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಕಾಲೇಜಿನ ಹುಡುಗರು ಬರುತ್ತಾರೆ, ಡಾಕ್ಟರುಗಳು ಬರುತ್ತಾರೆ, ಕ್ಯಾಮರಾ ಹಿಡಿದವರು ಬರುತ್ತಾರೆ. ಎಲ್ಲರೂ ಕೇಳುವುದು ಒಂದನ್ನೇ, ನಾನು ಹೇಳುವುದೂ ಒಂದನ್ನೇ. ಹೇಳಿ ಹೇಳಿ ನನಗೂ ಸಾಕಾಗಿದೆ. ಆದರೂ ಹೇಳುತ್ತೇನೆ, ಏಕೆಂದರೆ ನಾನು ಬಾಯಿ ಮುಚ್ಚಿದ ಕೂಡಲೇ ಬೇರೆ ಕಥೆಗಳು ಹುಟ್ಟಿಕೊಳ್ಳುತ್ತವೆ. ಯಾವುದೋ ರಾಜ ಯುದ್ಧ ಮುಗಿಸಿ ಬರುತ್ತ ಇಲ್ಲಿ ಒಂದು ರಾತ್ರಿ ನಿದ್ದೆ ಹೋದನಂತೆ, ಅದಕ್ಕೇ ಈ ಹೆಸರು ಎನ್ನುತ್ತಾರೆ ಕೆಲವರು. ರಾಜನಿಗೆ ಮಲಗಲು ಡೇರೆ ಇರಲಿಲ್ಲವೇ, ನೇಕಾರರ ಓಣಿಯ ಕಲ್ಲೇ ಬೇಕಾಗಿತ್ತೇ ಎಂದು ನಾನು ಕೇಳುತ್ತೇನೆ. ಇನ್ನು ಕೆಲವರ ಪ್ರಕಾರ ತಲೆ ಕೆಟ್ಟವರನ್ನು ಈ ಕಲ್ಲಿನ ಮೇಲೆ ಮಲಗಿಸಿದರೆ ಕನಸಿನಲ್ಲಿ ದೇವಿ ಬಂದು ವಾಸಿ ಮಾಡುತ್ತಾಳಂತೆ. ಈ ಮಾತನ್ನು ನಂಬಿ ಎಷ್ಟೋ ದೂರದಿಂದ ತೆಂಗಿನಕಾಯಿ, ಊದಿನಕಡ್ಡಿ ಕಟ್ಟಿಕೊಂಡು ಬಂದವರ ಮುಖ ನೋಡಿ ‘ಹಾಗೇನೂ ಇಲ್ಲ’ ಎಂದು ಹೇಳುವುದಿದೆಯಲ್ಲ, ಅದರಷ್ಟು ದಣಿಸುವ ಕೆಲಸ ಬೇರೊಂದಿಲ್ಲ. ಈ ಕಲ್ಲಿನ ಮೇಲೆ ಮಲಗಿದ್ದು ತಲೆ ಕೆಟ್ಟವನಲ್ಲ. ಅವನ ಅಕ್ಕ.

ಹಿಂದೆ ಒಮ್ಮೆ, ಈ ಓಣಿಗೆ ಓಣಿ ಎಂಬುದನ್ನು ಬಿಟ್ಟು ಬೇರೆ ಹೆಸರೇ ಇಲ್ಲದಿದ್ದ ಕಾಲದಲ್ಲಿ, ಇಲ್ಲಿ ಸಾವಂತ್ರೆವ್ವ ಎಂಬ ಹೆಂಗಸು ಇದ್ದಳು. ಗಂಡ ಸತ್ತ ಮೇಲೆ ತವರಿಗೆ ಬಂದವಳು. ತಂದೆ ತಾಯಿ ಒಬ್ಬರ ಹಿಂದೆ ಒಬ್ಬರು ಹೋದರು. ಮನೆಯಲ್ಲಿ ಉಳಿದವರು ಅವಳು ಮತ್ತು ಅವಳ ತಮ್ಮ ಬನಪ್ಪ. ಬನಪ್ಪ ಒಳ್ಳೆಯ ಕೆಲಸಗಾರನಾಗಿದ್ದ, ಸೀರೆಯ ಅಂಚಿನ ದಡಿಯನ್ನು ಅವನಷ್ಟು ಅಚ್ಚುಕಟ್ಟಾಗಿ ನೇಯುವವರು ಓಣಿಯಲ್ಲಿ ಕಡಿಮೆ ಎನ್ನುತ್ತಾರೆ. ಮೀಸೆ ದಪ್ಪವಾಗುವ ವಯಸ್ಸಿನಲ್ಲಿ ಅವನಿಗೆ ಏನೋ ಆಯಿತು. ಕಾಲು ಇಳಿಬಿಡುವ ಮಗ್ಗದ ಕುಣಿಯೊಳಗಿನಿಂದ ಯಾರೋ ತನ್ನ ಕಾಲು ಎಳೆಯುತ್ತಿದ್ದಾರೆ ಎಂದು ಎದ್ದು ಬಿಡುತ್ತಿದ್ದ. ನೂಲಿನೊಳಗೆ ಮಾತು ಕೇಳುತ್ತದೆ ಎನ್ನುತ್ತಿದ್ದ. ಕೆಲವು ದಿನ ತಾನೇ ಎದ್ದು ಮಿಂದು, ಅಕ್ಕನಿಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಟ್ಟು, ಎರಡು ಮೊಳ ನೇಯ್ದು ಏನೂ ಆಗದವನಂತೆ ಇರುತ್ತಿದ್ದ. ಆ ದಿನಗಳಲ್ಲಿ ಸಾವಂತ್ರೆವ್ವನಿಗೆ ಎಲ್ಲ ಮುಗಿಯಿತು, ಇನ್ನು ನೆಟ್ಟಗಾದ ಎನಿಸುತ್ತಿತ್ತು. ಮರುವಾರ ಮತ್ತೆ ಅದೇ. ಊಟ ಬೇಡ, ಬಟ್ಟೆ ಬೇಡ, ಹೊತ್ತಿಲ್ಲದ ಹೊತ್ತಿನಲ್ಲಿ ಎದ್ದು ಹೊಳೆಯ ಕಡೆ ನಡೆದು ಬಿಡುವುದು. ಅವನು ದಾಟಿದರೆ ತನಗೆ ಎಚ್ಚರವಾಗಲಿ ಎಂದು ಅವಳು ಹೊಸ್ತಿಲಿಗೆ ಅಡ್ಡ ಮಲಗುತ್ತಿದ್ದಳು. ಹಾಗೆ ಮಲಗುವುದನ್ನು ನಿದ್ದೆ ಎನ್ನಲಾಗದು. ಹಗಲು ಮಗ್ಗ, ಅಡಿಗೆ, ನೀರು, ರಾತ್ರಿ ಹೊಸ್ತಿಲು. ವರ್ಷಗಟ್ಟಲೆ ಹೀಗೆಯೇ ನಡೆಯಿತು.

ನೇಕಾರರ ಓಣಿಯ ರೀತಿಯನ್ನು ತಿಳಿಯದವರಿಗೆ ಇಲ್ಲೊಂದು ಮಾತು ಹೇಳಬೇಕು. ಬಟ್ಟೆಯ ಉದ್ದನೆಯ ಎಳೆಗಳಿಗೆ ಹಾಸು ಎನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮುನ್ನ ಆ ಹಾಸನ್ನು ಓಣಿಯ ಉದ್ದಕ್ಕೂ ಎಳೆದು ಕಟ್ಟಿ, ಜೋಳದ ಗಂಜಿ ಹಚ್ಚಿ, ಬಿಸಿಲು ಏರುವುದರೊಳಗೆ ಕುಂಚದಿಂದ ತಿಕ್ಕಿ ತಿಕ್ಕಿ ಒಣಗಿಸಬೇಕು. ಇದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಇವತ್ತು ನಿಮ್ಮ ಹಾಸು, ನಾಳೆ ನಮ್ಮ ಹಾಸು. ಯಾರದೇ ಆಗಲಿ, ಮನೆಗೊಬ್ಬರು ಬಂದು ಹಿಡಿಯಲೇಬೇಕು. ಜಗಳವಾಡಿ ಮಾತು ಬಿಟ್ಟವರೂ ಮುಖ ತಿರುಗಿಸಿಕೊಂಡೇ ಬಂದು ಹಿಡಿಯುತ್ತಿದ್ದರು. ಒಂದು ಬೆಳಗ್ಗೆ ಪಕ್ಕದ ಮನೆಯ ಕಾಳವ್ವನ ಹಾಸು ಕಟ್ಟಿದ್ದಾಗ ಬನಪ್ಪ ಓಡಿ ಬಂದು ಹಸಿ ಎಳೆಗಳ ನಡುವೆ ನುಗ್ಗಿದ. ಅದರೊಳಗೆ ಯಾರೋ ಸಿಕ್ಕಿಕೊಂಡಿದ್ದಾರೆ, ಬಿಡಿಸುತ್ತೇನೆ ಎನ್ನುತ್ತ ಕೈಯಿಂದ ಹರಿದ. ಹರಿದ ಎಳೆಗಳಿಗೆ ಗಂಟು ಹಾಕುತ್ತ ಕಾಳವ್ವನ ಮನೆಯವರ ಬೆನ್ನು ಬಿದ್ದು ಹೋಯಿತು, ಆ ಸೀರೆ ಸೀರೆಯಾಗಿ ಇಳಿಯಲೇ ಇಲ್ಲ. ಅಂದಿನಿಂದ ಓಣಿಯವರು ಸಾವಂತ್ರೆವ್ವನಿಗೆ ಹೇಳಿದರು: ಹಾಸು ಕಟ್ಟುವ ದಿನ ಅವನನ್ನು ಒಳಗೆ ಹಾಕಿ ಹೊರಗಿನಿಂದ ಚಿಲಕ ಹಾಕಿಬಿಡು. ಆಗೆಲ್ಲ ಪ್ರತಿ ಮನೆಯ ಬಾಗಿಲಿಗೂ ಹೊರಗೆ ಒಂದು ಕಬ್ಬಿಣದ ಚಿಲಕ ಇತ್ತು. ಅವಳು ಹಾಗೇ ಮಾಡಿದಳು.

ಮೊದಮೊದಲು ಹಾಸಿನ ಹೊತ್ತಿಗೆ ಮಾತ್ರ. ಆಮೇಲೆ ನೀರಿಗೆ ಹೋಗುವಾಗಲೂ. ಆಮೇಲೆ ಸಂತೆಗೆ ಹೋಗುವಾಗಲೂ. ಚಿಲಕಕ್ಕೆ ಒಂದು ಸಲ ಕೈ ಹೋದರೆ ಅದು ಹಾಗೆಯೇ. ಬನಪ್ಪ ಒಳಗಿನಿಂದ ಬಾಗಿಲು ಬಡಿಯುತ್ತಿದ್ದ. ಕೂಗುತ್ತಿರಲಿಲ್ಲ, ಸುಮ್ಮನೆ ಬಡಿಯುತ್ತಿದ್ದ, ಎಡೆಬಿಡದೆ, ಮಗ್ಗದ ಸದ್ದಿಗೆ ಸರಿಯಾಗಿ. ಓಣಿಯ ಎಲ್ಲ ಮನೆಗಳಲ್ಲಿ ಮಗ್ಗ ಬಡಿಯುತ್ತಿರುವಾಗ ಅದೂ ಇನ್ನೊಂದು ಮಗ್ಗದಂತೆ ಕೇಳುತ್ತಿತ್ತು. ಮೊದಲ ದಿನ ಆ ಸದ್ದಿಗೆ ಎಲ್ಲರಿಗೂ ಊಟ ಸೇರಲಿಲ್ಲವಂತೆ. ತಿಂಗಳು ಕಳೆಯುವಷ್ಟರಲ್ಲಿ ಯಾರ ಕಿವಿಗೂ ಅದು ಬೀಳುತ್ತಿರಲಿಲ್ಲ. ಇದನ್ನು ಹೇಳುವಾಗ ಕೇಳುವವರು ‘ಎಂಥ ಕಲ್ಲೆದೆಯ ಜನ’ ಎಂದು ತಲೆ ಅಲ್ಲಾಡಿಸುತ್ತಾರೆ. ಕಲ್ಲೆದೆಯವರೇನೂ ಅಲ್ಲ. ಎಲ್ಲ ಊರುಗಳಲ್ಲೂ ಇಂಥ ಒಂದು ಬಾಗಿಲು ಇದ್ದೇ ಇರುತ್ತದೆ, ಆ ಊರಿನವರಿಗೂ ಆ ಸದ್ದು ಕೇಳುವುದಿಲ್ಲ.

ಅದು ಬೇಸಗೆ, ಮದುವೆಗಳ ಕಾಲ, ದಿನ ಬಿಟ್ಟು ದಿನ ಯಾರದಾದರೂ ಹಾಸು ಓಣಿಯಲ್ಲಿ ಇರುತ್ತಿದ್ದ ದಿನಗಳು. ಸಾವಂತ್ರೆವ್ವ ನೇಯ್ದದ್ದನ್ನು ಕೊಟ್ಟು ಹೊಸ ನೂಲು ತರಲು ಹೊಳೆಯಾಚೆಯ ಪೇಟೆಗೆ ಹೊರಟಳು. ತಮ್ಮನ ಮುಂದೆ ರೊಟ್ಟಿ ಇಟ್ಟಳು, ಹೊರಗೆ ಬಂದು ಚಿಲಕ ಹಾಕಿದಳು. ಎದುರಿಗೇ ಕಾಳವ್ವ ಹಾಸಿನ ಎಳೆಗಳಿಗೆ ಗಂಜಿ ಹಚ್ಚುತ್ತಿದ್ದಳು. ಒಂದಿಷ್ಟು ನೋಡುತ್ತಿರು ಎಂದು ಸಾವಂತ್ರೆವ್ವ ಹೇಳಿದ್ದಕ್ಕೆ ಕಾಳವ್ವ ತಲೆ ಎತ್ತದೆ ‘ಹೂಂ’ ಎಂದಳು. ಹಾಸು ಹಿಡಿದಿದ್ದವರೆಲ್ಲ ಆ ‘ಹೂಂ’ ಕೇಳಿಸಿಕೊಂಡರು. ಕಾಳವ್ವ ಇದ್ದಾಳಲ್ಲ ಎಂದುಕೊಂಡರು. ಕಾಳವ್ವ, ತನ್ನ ಕೈ ಗಂಜಿಯಲ್ಲಿ ಇರುವುದನ್ನು ಎಲ್ಲರೂ ನೋಡಿದ್ದಾರೆ, ಕೈ ಬಿಡುವಾಗಿದ್ದವರು ಯಾರಾದರೂ ಹೋಗಿ ನೋಡುತ್ತಾರೆ ಎಂದುಕೊಂಡಳು. ಹಾಸಿನ ಕೆಲಸದಲ್ಲಿ ಹಾಗೆಯೇ ನಡೆಯುವುದು. ಒಬ್ಬರ ಕೈ ಸೋತರೆ ಕರೆಯದೆಯೇ ಇನ್ನೊಬ್ಬರ ಕೈ ಬರುತ್ತದೆ. ಇದಕ್ಕೂ ಹಾಗೇ ಯಾರದೋ ಕೈ ಬರುತ್ತದೆ ಎಂದು ನಂಬಿದ್ದು ನಮ್ಮ ಹಿರಿಯರು ಮಾಡಿದ ತಪ್ಪು. ಹಾಸನ್ನು ಎಲ್ಲರೂ ತಮ್ಮದೆಂದು ಹಿಡಿಯುತ್ತಿದ್ದರು. ಬನಪ್ಪ ಸಾವಂತ್ರೆವ್ವನೊಬ್ಬಳ ಪಾಲಿನವನಾಗಿದ್ದ.

ಪೇಟೆಯಲ್ಲಿ ಕೆಲಸ ಮುಗಿಸಿ ನೂಲಿನ ಗಂಟು ಹೊತ್ತು ಬರುತ್ತ ಸಾವಂತ್ರೆವ್ವ ಹೊಳೆಯ ದಂಡೆಯ ಪಾಳು ಮಂಟಪದ ನೆರಳಲ್ಲಿ ಗಂಟು ಇಳಿಸಿದಳು. ಬಿಸಿಲು ಜೋರಿತ್ತು, ಒಂದು ಗಳಿಗೆ ಕೂತು ಹೋಗೋಣ ಎಂದಷ್ಟೇ ಅವಳ ಮನಸ್ಸಿನಲ್ಲಿತ್ತು. ಅಲ್ಲಿ ಹೊಸ್ತಿಲು ಇರಲಿಲ್ಲ, ಬಾಗಿಲು ಇರಲಿಲ್ಲ, ಯಾರೂ ಅವಳನ್ನು ದಾಟಿ ಹೋಗುವವರಿರಲಿಲ್ಲ. ಗಂಟಿನ ಮೇಲೆ ತಲೆ ಇಟ್ಟಳು. ವರ್ಷಗಳಿಂದ ಬಾರದಿದ್ದ ನಿದ್ದೆಯೆಲ್ಲ ಒಟ್ಟಿಗೆ ಬಂದು ಅವಳ ಮೇಲೆ ಬಿತ್ತು. ಮೂರು ದಿನ ಮಲಗಿದಳು ಎನ್ನುತ್ತಾರೆ. ಮನುಷ್ಯರು ಅಷ್ಟು ಹೊತ್ತು ಮಲಗುವುದುಂಟೇ, ಇದು ಹೇಳುವವರು ಸೇರಿಸಿದ ಮಾತು ಎಂದು ಹುಡುಗನಾಗಿದ್ದಾಗ ನಾನು ಅಜ್ಜಿಯೊಡನೆ ವಾದಿಸುತ್ತಿದ್ದೆ. ಈಗ ವಾದಿಸುವುದಿಲ್ಲ. ಕಟ್ಟೆಗೆ ಬರುವವರ ಕಣ್ಣುಗಳನ್ನು ಇಷ್ಟು ವರ್ಷ ನೋಡಿದ ಮೇಲೆ ಮೂರು ದಿನ ಕಡಿಮೆಯೇ ಎನಿಸುತ್ತದೆ.

ಇತ್ತ ಬನಪ್ಪ ಬಾಗಿಲು ಬಡಿದ. ಓಣಿ ಕೇಳಿಸಿಕೊಳ್ಳಲಿಲ್ಲ. ಚಿಲಕ ಬಿದ್ದಿರುವುದನ್ನು ಕಂಡವರು ಅಕ್ಕ ಇಲ್ಲೇ ಎಲ್ಲೋ ಹೋಗಿರಬೇಕು ಎಂದುಕೊಂಡು ದಾಟಿದರು. ರೊಟ್ಟಿ ಮುಗಿಯಿತು, ಗಡಿಗೆಯ ನೀರು ಮುಗಿಯಿತು. ಹಾಸಿನ ಎಳೆಗಳಿಗೆಂದು ಕಾಯಿಸಿಟ್ಟಿದ್ದ ಹುಳಿ ಬಂದ ಗಂಜಿಯನ್ನು ಅವನು ಕುಡಿದ. ಅದರಿಂದಲೇ ಜೀವ ಉಳಿಯಿತು. ಬಡಿದು ಬಡಿದು ಕೈ ಸೋತು ಕೊನೆಗೆ ಸದ್ದು ನಿಂತಿತು. ಆಗ ಮಾತ್ರ ಓಣಿಗೆ ಸದ್ದಿಲ್ಲದ್ದು ಗೊತ್ತಾಯಿತು. ಇವತ್ತು ಸುಮ್ಮನಿದ್ದಾನೆ, ಸಾವಂತ್ರಿಗೂ ಸ್ವಲ್ಪ ಆರಾಮ ಸಿಕ್ಕಿತು, ಪುಣ್ಯ ಎಂದು ಕಾಳವ್ವ ಬಾಯಿ ತುಂಬ ಹೇಳಿದಳಂತೆ. ಅವಳ ಮೊಮ್ಮಕ್ಕಳ ಮನೆಯವರು ಕಥೆಯ ಈ ಭಾಗವನ್ನು ಬಿಟ್ಟು ಹೇಳು ಎಂದು ನನಗೆ ಈಗಲೂ ಹೇಳುತ್ತಾರೆ. ನಾನು ಬಿಡುವುದಿಲ್ಲ.

ಎಚ್ಚರವಾದಾಗ ಸಾವಂತ್ರೆವ್ವನಿಗೆ ಹೊತ್ತು ಯಾವುದು, ದಿನ ಯಾವುದು ತಿಳಿಯಲಿಲ್ಲ. ತಿಳಿದ ಕೂಡಲೇ ನೂಲಿನ ಗಂಟನ್ನು ಅಲ್ಲೇ ಬಿಟ್ಟು ಓಡಿದಳು. ಬಾಗಿಲು ತೆರೆದಾಗ ಬನಪ್ಪ ಬಾಗಿಲಿನ ಹಿಂದೆಯೇ ಬಿದ್ದಿದ್ದ, ಮುಷ್ಟಿಗಳ ಚರ್ಮ ಎದ್ದು ರಕ್ತ ಒಣಗಿತ್ತು, ತುಟಿ ಸೀಳಿತ್ತು. ಅವಳು ನೀರು ಹನಿಸುತ್ತ ಎದೆ ಬಡಿದುಕೊಂಡು ಅತ್ತಾಗ ಓಣಿಯೆಲ್ಲ ಸೇರಿತು. ಸೇರಿದವರು ಮೊದಲು ಬೆಚ್ಚಿದರು, ಆಮೇಲೆ ಬೈದರು. ಬೈಯುವುದು ಸುಲಭವಾಗಿತ್ತು. ಒಡಹುಟ್ಟಿದವನನ್ನು ಕೂಡಿ ಹಾಕಿ ಊರೂರು ತಿರುಗುವವಳು ಎಂಥ ಹೆಂಗಸು ಎಂದರು. ಎಲ್ಲರಿಗಿಂತ ಗಟ್ಟಿ ದನಿ ಕಾಳವ್ವನದಾಗಿತ್ತು. ಆ ಸಂಜೆಯೇ ಬೇವಿನ ಕಟ್ಟೆಯಲ್ಲಿ ಹಿರಿಯರು ಕೂತರು. ಘಟ್ಟದ ಆಚೆ ಒಂದು ಗುಡಿಯಿದೆ, ಅಲ್ಲಿ ಇಂಥವರನ್ನು ಕಂಬಕ್ಕೆ ಬಿಗಿದು ಬಿಟ್ಟು ಬರುತ್ತಾರೆ, ದೇವರ ಪ್ರಸಾದ ಉಂಡು ಇದ್ದಷ್ಟು ದಿನ ಇರುತ್ತಾರೆ. ಬನಪ್ಪನನ್ನೂ ನಾಳೆ ಗಾಡಿ ಹೂಡಿ ಕಳಿಸುವುದು ಎಂಬ ಮಾತು ಆಗಲೇ ಆಗಿತ್ತು. ಆ ಗುಡಿಯಿಂದ ಮರಳಿ ಬಂದವರನ್ನು ಯಾರೂ ಕಂಡಿರಲಿಲ್ಲ, ಸಾವಂತ್ರೆವ್ವನಿಗೂ ಅದು ಗೊತ್ತಿತ್ತು. ಅವಳ ಬಾಯಿಂದ ಒಂದು ಒಪ್ಪಿಗೆ ಬರಬೇಕಿತ್ತು, ಅಷ್ಟೇ ಬಾಕಿ.

ಓಣಿಯ ಹಿರಿಯ ಕಟ್ಟೀಮನಿ ರಾಚಪ್ಪ. ವಯಸ್ಸಾದವನು, ಮೆತ್ತಗೆ ಮಾತನಾಡುವವನು. ಸಾವಂತ್ರೆವ್ವ ಕಟ್ಟೆಯ ಕೆಳಗೆ ನಿಂತಳು. ಬನಪ್ಪ ಅವಳ ಹಿಂದೆ ನೆಲದ ಮೇಲೆ ಕುಕ್ಕರಿಸಿದ್ದ, ಅವಳ ಸೀರೆಯ ನೆರಿಗೆ ಹಿಡಿದುಕೊಂಡು.

“ಯಾಕ ಹಿಂಗ ಮಾಡಿದಿ ತಂಗಿ?” ಎಂದು ರಾಚಪ್ಪ ಕೇಳಿದ.

“ಮಲಗಿದ್ದೆರಿ ಅಜ್ಜಾರ,” ಎಂದಳು.

ಸುತ್ತ ಗುಜುಗುಜು ಎದ್ದಿತು. ಯಾರೋ ನಕ್ಕರು ಎಂದೂ ಹೇಳುತ್ತಾರೆ. ಅದು ಇಳಿದ ಮೇಲೆ ಅವಳು ಯಾರ ಮುಖವನ್ನೂ ನೋಡದೆ ಹೇಳಿದಳು: “ಚಿಲಕ ಹಾಕಿದಾಕಿ ನಾನ. ಇಲ್ಲ ಅನ್ನೂದಿಲ್ಲ. ಆದರ ಚಿಲಕ ಹೊರಗ ಇತ್ತರಿ. ಕೀಲಿ ಹಾಕಿದ್ದಿಲ್ಲ. ನಿಮ್ಮೆಲ್ಲಾರ ಕೈಗೂ ಎಟಕತಿತ್ತು.”

ಅವಳು ಇಷ್ಟು ಹೇಳಿ, ಇನ್ನು ನಿಲ್ಲಲು ಆಗುವುದಿಲ್ಲ ಎಂದು ಕಟ್ಟೆಗೆ ಕೈ ಊರಿದಳು. ಆ ಕಾಲದಲ್ಲಿ ಹಿರಿಯರು ಕೂತ ಕಟ್ಟೆಯನ್ನು ಹೆಂಗಸರು ಮುಟ್ಟುತ್ತಲೂ ಇರಲಿಲ್ಲ. ಕೈ ಊರಿದವಳು ಕೂತಳು. ಕೂತವಳು ಒರಗಿದಳು. ಹಿರಿಯರು ಪಂಚೆ ಎಳೆದುಕೊಂಡು ಅತ್ತಿತ್ತ ಸರಿಯುವಷ್ಟರಲ್ಲಿ ಸೆರಗು ಮುಖದ ಮೇಲೆ ಎಳೆದುಕೊಂಡು, ತೀರ್ಪಿಗೆ ಕಾಯದೆ, ಕಟ್ಟೆಯ ನಡುವೆ ನಿದ್ದೆ ಹೋದಳು. ಮೂರು ದಿನ ಮಲಗಿ ಬಂದವಳಿಗೆ ಇನ್ನೂ ನಿದ್ದೆಯೇ ಎಂದು ಬೆರಗಾದರಂತೆ. ಅವಳಿಗೆ ಬಾಕಿ ಇದ್ದ ನಿದ್ದೆಯ ಮುಂದೆ ಆ ಮೂರು ದಿನ ಯಾವ ಲೆಕ್ಕ. ಕಾಳವ್ವ ಮುಂದೆ ಬಂದು ಭುಜ ಹಿಡಿದು ಅಲುಗಿಸಲು ಹೋದಾಗ ರಾಚಪ್ಪ ತಡೆದ.

“ಎಬ್ಬಸಬ್ಯಾಡ,” ಎಂದ. ಆಮೇಲೆ ಓಣಿಯವರ ಕಡೆ ತಿರುಗಿ ಹೇಳಿದ: “ಯಾರದ ಹಾಸು ಇದ್ದರೂ ಮನಿಗೊಬ್ಬರು ಬಂದು ಹಿಡಿತೇವಿ. ಇದೊಂದು ಹಾಸನ್ನ ಇಷ್ಟು ವರ್ಷ ಒಬ್ಬಾಕಿ ಕೈಯಾಗ ಕೊಟ್ಟು ನಿಂತು ನೋಡೇವಿ.”

ಅವಳು ಏಳುವವರೆಗೆ ಗಾಡಿಯ ಮಾತು ಎತ್ತುವಂತಿಲ್ಲ, ಅಲ್ಲಿಯವರೆಗೆ ಬನಪ್ಪನನ್ನು ಮನೆಗೊಬ್ಬರಂತೆ ಪಾಳಿಯ ಮೇಲೆ ನೋಡಿಕೊಳ್ಳುವುದು ಎಂದು ಅವನು ಗೊತ್ತು ಮಾಡಿದ. ಮೊದಲ ಪಾಳಿ ಕಾಳವ್ವನ ಮನೆಗೆ ಬಿತ್ತು. ಇಲ್ಲಿ ಕೇಳುವವರು, ಓಣಿಯ ಜನರ ಮನ ಕರಗಿತು, ಎಲ್ಲರೂ ಅವನನ್ನು ಮಗನಂತೆ ನೋಡಿಕೊಂಡರು ಎಂಬ ಮಾತಿಗೆ ಕಾಯುತ್ತಾರೆ. ಹಾಗೇನೂ ಆಗಲಿಲ್ಲ. ಕಾಳವ್ವ ಅವನ ಮುಂದೆ ತಟ್ಟೆ ಇಟ್ಟರೆ ಅವನು ತಟ್ಟೆಯನ್ನು ಅಂಗಳಕ್ಕೆ ಎಸೆದ. ಎರಡನೆಯ ಮನೆಯವರು ಕಣ್ಣು ಬಿಟ್ಟುಕೊಂಡೇ ಇದ್ದರೂ ಅವನು ಹಿತ್ತಲಿನಿಂದ ಹೊಳೆಯ ಕಡೆ ನಡೆದುಬಿಟ್ಟ, ಗಂಡಸರೆಲ್ಲ ಹುಡುಕಲು ಓಡಬೇಕಾಯಿತು. ಮೂರನೆಯ ಮನೆಯಲ್ಲಿ ಗಂಡ ಹೆಂಡಿರ ನಡುವೆ ಜಗಳವೇ ಎದ್ದಿತು. ಒಂದೊಂದು ಮನೆಯಿಂದ ಅವನು ಆಚೆ ಬಂದಾಗಲೂ ಆ ಮನೆಯವರು ಜಗುಲಿಯ ಮೇಲೆ ಕಾಲು ಚಾಚಿ ಕುಸಿದು ಕೂರುತ್ತಿದ್ದರು, ಕಟ್ಟೆಯ ಮೇಲೆ ಮಲಗಿದ್ದವಳ ಕಡೆ ನೋಡುತ್ತಿದ್ದರು. ನಮ್ಮ ಓಣಿಗೆ ಬುದ್ಧಿ ಬಂದದ್ದು ದಣಿವಿನಿಂದ. ಕರುಣೆ ಆಮೇಲೆ ಬಂತು, ಅದೂ ಎಲ್ಲ ಮನೆಗಳಿಗೆ ಬರಲಿಲ್ಲ.

ಸಾವಂತ್ರೆವ್ವ ಎಚ್ಚರಗೊಂಡಾಗ ಮರುದಿನದ ಬಿಸಿಲು ಬೇವಿನ ನೆತ್ತಿಗೆ ಬಂದಿತ್ತು. ಹಿಂದೆ ತಮ್ಮ ಇಲ್ಲದ್ದನ್ನು ನೋಡಿ, ಗಾಡಿ ಹೋಗಿಬಿಟ್ಟಿತು ಎಂದು ಅವಳ ಜೀವವೇ ಹಾರಿತು. ಮನೆಗೆ ಓಡಿದಳು, ಬಾಗಿಲು ಹಾರು ಹೊಡೆದಿತ್ತು, ಒಳಗೆ ಯಾರೂ ಇರಲಿಲ್ಲ. ಹೊರಗೆ ಬಂದು ನಡುಓಣಿಯಲ್ಲಿ ನಿಂತು ಕೂಗಲು ಬಾಯಿ ತೆರೆದಾಗ ಕಾಳವ್ವ ತನ್ನ ಬಾಗಿಲಿಗೆ ಬಂದು, ಸೋತ ದನಿಯಲ್ಲಿ ಹೇಳಿದಳು: “ಯಾರ ಮನಿಯಾಗೂ ನಿಲ್ಲದ ಮತ್ತ ನಮ್ಮನಿಗೇ ಬಂದಾನ. ಈಗ ಉಣ್ಣಾಕ ಕುಂತಾನ. ನೀ ಬಂದು ಕರದರ ಎದ್ದುಬಿಡತಾನ. ಅತ್ತಾಗ ಹೋಗವ್ವ.”

ಆಮೇಲೆ ಗಾಡಿಯ ಮಾತನ್ನು ಯಾರೂ ಎತ್ತಲಿಲ್ಲ. ಕಮ್ಮಾರನನ್ನು ಕರೆಸಿ ಓಣಿಯ ಎಲ್ಲ ಬಾಗಿಲುಗಳ ಹೊರ ಚಿಲಕಗಳನ್ನು ಕೀಳಿಸಿದರು. ಅವನ್ನೆಲ್ಲ ಬಾವಿಗೆ ಎಸೆದರು, ಅಮಾವಾಸ್ಯೆಯ ದಿನ ನೀರಿನೊಳಗೆ ಕಬ್ಬಿಣದ ಸದ್ದು ಕೇಳುತ್ತದೆ ಎಂದು ಹೇಳುವವರಿದ್ದಾರೆ. ನೇಕಾರರು ಕಬ್ಬಿಣವನ್ನು ಬಾವಿಗೆ ಎಸೆಯುವಷ್ಟು ಸ್ಥಿತಿವಂತರಾಗಿರಲಿಲ್ಲ. ಕಾಯಿಸಿ ಬಡಿದು ಹಾಸು ಕಟ್ಟುವ ಗೂಟಗಳನ್ನು ಮಾಡಿಸಿಕೊಂಡರು. ಹೊರಗೆ ಚಿಲಕವಿಲ್ಲದ ಮೇಲೆ ಮನೆ ಬಿಟ್ಟು ಹೋಗುವವರು ಪಕ್ಕದವರನ್ನು ಕರೆದು ಕೂರಿಸಿಯೇ ಹೋಗಬೇಕಾಯಿತು. ಸುಮ್ಮನೆ ‘ಹೂಂ’ ಎಂದರೆ ನಡೆಯುತ್ತಿರಲಿಲ್ಲ. ಪಾಳಿಯವರು ಬಂದು ಜಗುಲಿಯ ಮೇಲೆ ಕೂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹೊರಡಬೇಕು ಎಂಬ ಕಟ್ಟು ಆಯಿತು. ಹಿರಿಯರು ಸಭೆಯನ್ನು ರಾಚಪ್ಪನ ಜಗುಲಿಗೆ ವರ್ಗಾಯಿಸಿದರು. ಬೇವಿನ ಕಟ್ಟೆಯನ್ನು ಸಾವಂತ್ರೆವ್ವನ ಪಾಲಿಗೆ ಬಿಟ್ಟರು. ಅಲ್ಲಿ ಅವಳು ಮಲಗಿರುವಷ್ಟು ಹೊತ್ತು ಎಬ್ಬಿಸಬಾರದು, ಏಕೆ ಮಲಗಿದೆ ಎಂದು ಕೇಳಬಾರದು.

ಬನಪ್ಪನಿಗೆ ವಾಸಿಯಾಯಿತೇ ಎಂದು ಎಲ್ಲರೂ ಕೇಳುತ್ತಾರೆ. ಆಗಲಿಲ್ಲ. ತಲೆ ನರೆಯುವವರೆಗೆ ಈ ಓಣಿಯಲ್ಲೇ ಇದ್ದ. ಒಳ್ಳೆಯ ದಿನಗಳಲ್ಲಿ ದಡಿ ನೇಯ್ದ, ಕೆಟ್ಟ ದಿನಗಳಲ್ಲಿ ತಟ್ಟೆ ಎಸೆದ. ಸಾವಂತ್ರೆವ್ವ ದೇವಿಯಾದಳು, ಕಟ್ಟೆಯ ಮೇಲೆ ಮಲಗಿದವಳು ಮಾಯವಾದಳು ಎಂಬುದೂ ಸುಳ್ಳು. ಬಹಳ ಕಾಲ ಬದುಕಿದಳು, ಪಾಳಿ ತಪ್ಪಿಸಿದವರ ಮನೆ ಮುಂದೆ ನಿಂತು ಜಗಳವಾಡಿದಳು, ಕೆಲವರಿಗೆ ಅವಳನ್ನು ಕಂಡರೆ ಆಗುತ್ತಲೂ ಇರಲಿಲ್ಲ. ಆದರೆ ಸುದ್ದಿ ಹರಡಿತು. ಬನಪ್ಪನಂಥವರನ್ನು ಮನೆಯಲ್ಲಿ ಇಟ್ಟುಕೊಂಡು ಸೋತವರು ಒಬ್ಬೊಬ್ಬರಾಗಿ ಈ ಓಣಿ ಹುಡುಕಿಕೊಂಡು ಬಂದರು. ಬಿಟ್ಟು ಹೋಗುವುದಾದರೆ ಬೇಡ, ಜೊತೆಗೆ ಇರುವುದಾದರೆ ಒಂದು ಕೋಣೆ ಕೊಡುತ್ತೇವೆ, ನಿಮ್ಮದೂ ಒಂದು ಪಾಳಿ ಎಂದರು ನಮ್ಮವರು. ಹೆಸರು ಹಾಗೆ ಬಂತು. ಮಲಗಲು ಕಟ್ಟೆ ಇರುವ ಊರು ಎಂದು ಹೊರಗಿನವರು ಕರೆದದ್ದು, ನಾವು ಇಟ್ಟುಕೊಂಡದ್ದಲ್ಲ.

ಈಗ ಕೈಮಗ್ಗ ಕಡಿಮೆ, ವಿದ್ಯುತ್ ಮಗ್ಗ ಹೆಚ್ಚು. ತಿಂಗಳಿಗೊಮ್ಮೆ ಡಾಕ್ಟರು ಬಂದು ಶಾಲೆಯ ವರಾಂಡದಲ್ಲಿ ಕೂತು ಗುಳಿಗೆ ಬರೆದು ಕೊಡುತ್ತಾರೆ; ಗುಳಿಗೆಯಿಂದ ಎಷ್ಟೋ ಜನ ಚೇತರಿಸಿಕೊಂಡಿದ್ದಾರೆ, ಬನಪ್ಪನ ಕಾಲದಲ್ಲಿ ಅದು ಇದ್ದಿದ್ದರೆ ಎಂದು ನಾನು ಆಗಾಗ ಅಂದುಕೊಳ್ಳುತ್ತೇನೆ. ಓಣಿಯ ಕೊನೆಯ ಎರಡು ಮನೆಗಳಲ್ಲಿ ಹಾಗೆ ಚೇತರಿಸಿಕೊಂಡ ಕೆಲವರು ತಾವೇ ಕೂಡಿ ಇದ್ದಾರೆ, ಸರತಿಯಲ್ಲಿ ಅಡಿಗೆ ಮಾಡಿಕೊಳ್ಳುತ್ತಾರೆ, ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತಿ ಕೂಲಿ ಪಡೆಯುತ್ತಾರೆ. ಪಾಳಿಯವರು ಬೆಳಿಗ್ಗೆ ಸಂಜೆ ಹೋಗಿ ಮಾತನಾಡಿಸಿ ಬರುತ್ತಾರೆ. ಪಾಳಿಗೆ ಬರುವ ಮನೆಗಳು ಕಡಿಮೆಯಾಗಿವೆ, ಹಾಗಾಗಿ ಪಾಳಿ ಬೇಗ ಬೇಗ ಬರುತ್ತದೆ. ಬಂದಾಗ ಗೊಣಗದವರು ಯಾರೂ ಇಲ್ಲ, ನಾನೂ ಗೊಣಗುತ್ತೇನೆ. ನೋಡಲು ಬಂದವರಿಗೆ ಇದೆಲ್ಲ ಸಪ್ಪೆ ಎನಿಸುತ್ತದೆ. ಬಾಗಿಲುಗಳ ಮೇಲೆ ಚಿಲಕ ಕಿತ್ತ ತೂತುಗಳಿಗೆ ಮರದ ಬೆಣೆ ಹೊಡೆದಿರುವುದನ್ನು ಮುಟ್ಟಿ ನೋಡುತ್ತಾರೆ, ಕಟ್ಟೆಯ ಫೋಟೊ ತೆಗೆಯುತ್ತಾರೆ, ಬಸ್ಸಿಗೆ ಹೊತ್ತಾಯಿತು ಎನ್ನುತ್ತಾರೆ.

ಹೋದ ಶ್ರಾವಣದಲ್ಲಿ ಸಿಂಧನೂರಿನ ಕಡೆಯ ಒಬ್ಬ ತಾಯಿ, ಎತ್ತರದ ಆಳಾದ ಮಗನನ್ನು ಕರೆದುಕೊಂಡು ಆ ತಿರುವಿನಲ್ಲಿ ಇಳಿದಳು. ತನ್ನ ಸೆರಗಿನ ತುದಿಯನ್ನು ಅವನ ಮಣಿಕಟ್ಟಿಗೆ ಗಂಟು ಹಾಕಿದ್ದಳು. ಕಾಯಿ ಎಲ್ಲಿ ಒಡೆಯಬೇಕು ಎಂದು ನನ್ನನ್ನು ಕೇಳಿದಳು. ಒಡೆಯುವುದು ಏನೂ ಇಲ್ಲ, ಮಲಗಬೇಕು ಎಂದೆ. ಯಾರು ಎಂದಳು. ನೀನೇ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿದೆ. ನನ್ನನ್ನು ಅನುಮಾನದಿಂದ ನೋಡುತ್ತ, ಮಗನನ್ನು ಕಟ್ಟೆಯ ಕೆಳಗೆ ಕೂರಿಸಿ, ಗಂಟನ್ನು ಇನ್ನೊಮ್ಮೆ ಬಿಗಿದು, ಕಣ್ಣು ಮುಚ್ಚುವುದಿಲ್ಲ ಎಂಬಂತೆ ಒರಗಿದಳು. ಅವಳ ಉಸಿರು ಭಾರವಾದ ಮೇಲೆ ಆ ದಿನದ ಪಾಳಿಯವನು ಬಂದು ಮೆಲ್ಲಗೆ ಗಂಟು ಬಿಚ್ಚಿ, ಹುಡುಗನನ್ನು ಚಹಾ ಕುಡಿಯಲು ಕರೆದುಕೊಂಡು ಹೋದ. ಮಧ್ಯಾಹ್ನ ಕಳೆಯಿತು. ಸಂಜೆಯ ಹೊತ್ತಿಗೆ ಅವಳು ತಟ್ಟನೆ ಎದ್ದು ಕೂತು ಸೆರಗನ್ನು ಸರಸರನೆ ಎಳೆದುಕೊಂಡಳು. ತುದಿ ಬರಿದಾಗಿ ಅವಳ ಕೈಗೆ ಬಂತು. ನಾನು ಎದುರು ಮನೆಯ ಜಗುಲಿಯ ಕಡೆ ಕೈ ತೋರಿಸಿದೆ. ಅವಳ ಮಗ ಅಲ್ಲಿ ಪಾಳಿಯವನ ಪಕ್ಕ ಕೂತು, ಕಂಡಿಕೆ ಸುತ್ತುವ ರಾಟೆಯ ಹಿಡಿಯನ್ನು ತಿರುಗಿಸಲು ಕಲಿಯುತ್ತಿದ್ದ, ತಪ್ಪಾಗಿ ತಿರುಗಿಸುತ್ತಿದ್ದ. ಅವಳು ಬಹಳ ಹೊತ್ತು ನೋಡಿದಳು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಸೆರಗಿನ ತುದಿಯನ್ನು ಮಡಿಸಿ ತಲೆಯ ಕೆಳಗೆ ಇಟ್ಟುಕೊಂಡು ಮತ್ತೆ ಮಲಗಿದಳು.